ಅವ್ವ ಕೂತು ನೋಡಿದ ಪಂಜರ

ನೌಬಾದದ ಅಂಗಡಿಯಲ್ಲಿ ಅವ್ವ ನಾಯಿಯ ಪಂಜರದೊಳಗೆ ನುಗ್ಗಿ, ಸೀರೆ ಸರಿಮಾಡಿಕೊಂಡು ಕೂತೇಬಿಟ್ಟಳು.

ಹೊಸ ಮರಿಗೆ ಎದ್ದು ನಿಂತು ತಿರುಗುವಷ್ಟು ಪಂಜರ ಸಾಕೆಂದು ನಾನು ಓದಿಕೊಂಡು ಹೋಗಿದ್ದೆ. ನಮ್ಮ ಮನೆತನದ ಮೊದಲ ಪದವೀಧರ ನಾನು; ಓದದೆ ಏನನ್ನೂ ಕೊಳ್ಳುವುದಿಲ್ಲ. ಅವ್ವ ಮಾತ್ರ ಸಣ್ಣದು ಯಾವುದನ್ನೂ ಒಪ್ಪದೆ ಎಲ್ಲಕ್ಕಿಂತ ದೊಡ್ಡದನ್ನೇ ಹಿಡಿದಿದ್ದಳು.

ಅಂಗಡಿಯವರು ಗಾಬರಿಯಾಗಿ, "ಅವ್ವಾರ, ಅದು ನಾಯಿ ಸಲುವಾಗಿ ಅದರಿ" ಎಂದರು.

"ಗೊತ್ತದರಿ. ಐದು ಮಂದಿ ಒಂದ ಖೋಲ್ಯಾಗ ಮುದುಡಿ ಮಲಗಿ ಇವನಿಗಿ ಓದ್ಸೀವಿ. ಇದಾದ್ರೂ ಕಾಲು ಚಾಚಿ ಮಲಗಲಿ."

ದೊಡ್ಡದನ್ನೇ ತಂದೆವು. ಉಳಿದ ಜಾಗ ಖಾಲಿ ಬಿಡಲು ಮನಸ್ಸಾಗದೆ ಅವ್ವ ಅದರಲ್ಲಿ ಜೋಳದ ಚೀಲ ಇಟ್ಟಿದ್ದಾಳೆ. ಮರಿ ಈಗ ಆ ಚೀಲಕ್ಕೆ ಒತ್ತಿಕೊಂಡು, ನಾವು ಖೋಲಿಯಲ್ಲಿ ಮಲಗುತ್ತಿದ್ದಂತೆಯೇ ಮುದುಡಿ ಮಲಗಿ ಗೊರಕೆ ಹೊಡೆಯುತ್ತದೆ.