ಗಾಜಿನ ಪೆಟ್ಟಿಗೆಯಲ್ಲಿ ಬೆನಕಪ್ಪನವರು

ಈಗಿನವರು ಫೋನಿನಲ್ಲಿ ತಮ್ಮ ಮುಖ ತಾವೇ ತೆಗೆದು ಆ ಕ್ಷಣವೇ ಜಗತ್ತಿಗೆಲ್ಲ ತೋರಿಸುತ್ತಾರೆ. ಯಾರೂ ಕೇಳದಿದ್ದರೂ ತೋರಿಸುತ್ತಾರೆ. ತೊಂಬತ್ತಾರನೇ ಇಸವಿಯಲ್ಲಿ ನಮ್ಮ ಮಾಲತೇಶ ತೋರಿಸಲು ಒಂದು ಮುಖ ಸಿಗದೆ ಎಂಟು ತಿಂಗಳು ಒದ್ದಾಡಿದ್ದನ್ನು ನಾನು ಕಣ್ಣಾರೆ ಕಂಡವಳು.

ಶಿಕಾರಿಪುರದ ಬಸ್ ನಿಲ್ದಾಣದ ಎದುರು ನನ್ನ ಬಳೆ ಅಂಗಡಿ. ಅದರ ಮಹಡಿಯ ಮೇಲೆ ಮಾಲತೇಶನ ಸ್ಟುಡಿಯೋ. ಸೊರಬ ತಾಲ್ಲೂಕಿನ ಜಡೆ ಊರಿನವನು, ಇಪ್ಪತ್ತೈದರ ಪ್ರಾಯ, ಮಾತು ಕಡಿಮೆ, ಕೆಲಸ ಚೊಕ್ಕ. ಮೇಲೊಂದು ಸ್ಟುಡಿಯೋ ಇದೆಯೆಂದು ಬಸ್ಸಿಳಿದವರಿಗೆ ಗೊತ್ತಾಗಬೇಕಲ್ಲ, ಅದಕ್ಕೆ ಮೆಟ್ಟಿಲ ಬುಡದ ಗೋಡೆಗೆ ಒಂದು ಗಾಜಿನ ಪೆಟ್ಟಿಗೆ ಹೊಡೆಸಿದ್ದ. ಒಳಗೆ ತಾನು ತೆಗೆದ ಫೋಟೋ ಹಾಕಬೇಕು, ಓಡಾಡುವವರು ನೋಡಬೇಕು, ನೋಡಿದವರು ಮೆಟ್ಟಿಲು ಹತ್ತಬೇಕು. ಅವನ ಯೋಚನೆಯೇನೋ ಸರಿಯಾಗಿಯೇ ಇತ್ತು. ಆದರೆ ಮುಖ ಕೊಡುವವರು ಯಾರು? ಹುಡುಗಿಯ ಫೋಟೋ ಬಸ್ ನಿಲ್ದಾಣದಲ್ಲಿ ಕಂಡರೆ ನಾಳೆ ಮದುವೆಗೆ ತೊಡಕು. ಮಕ್ಕಳದ್ದು ಹಾಕಿದರೆ ದೃಷ್ಟಿ. ಗಂಡಸರದ್ದು ಹಾಕಿದರೆ ಇವನೇನು ಎಲೆಕ್ಷನ್ನಿಗೆ ನಿಂತನೇ ಎಂದು ಸ್ನೇಹಿತರೇ ಹಂಗಿಸುತ್ತಾರೆ. ಕೊನೆಗೆ ಪಾಪ, ಬಳ್ಳಿಗಾವಿಯ ಗುಡಿಯದೊಂದು, ಗದ್ದೆಯಲ್ಲಿ ನಿಂತ ಕೊಕ್ಕರೆಯದೊಂದು ಹಾಕಿಕೊಂಡ. ಕೊಕ್ಕರೆ ನೋಡಿ ಯಾರು ಮೆಟ್ಟಿಲು ಹತ್ತುತ್ತಾರೆ?

ಜಡೆಯಲ್ಲಿ ಗದ್ದೆ ನೋಡಿಕೊಂಡಿದ್ದ ಅವನ ಅಣ್ಣ ಚೌಡಪ್ಪನದು ಒಂದೇ ಮಾತು. ದೀಪಾವಳಿವರೆಗೆ ನೋಡು, ಜನ ಬರದಿದ್ದರೆ ಕ್ಯಾಮೆರಾ ಮಾರಿ ಊರಿಗೆ ಬಾ, ಭತ್ತದ ಕೊಯ್ಲಿಗೆ ಕೈ ಸಾಲದು. ಅಣ್ಣ ಕೆಟ್ಟವನಲ್ಲ, ಒಬ್ಬನೇ ಎಷ್ಟೆಂದು ಮಾಡಿಯಾನು. ಆದರೂ ಆ ಮಾತು ನೆನಪಾದ ದಿನ ಮಾಲತೇಶ ಊಟ ಬಿಡುತ್ತಿದ್ದ.

ಶ್ರಾವಣದಲ್ಲಿ ಬಳ್ಳಿಗಾವಿಯ ರೈತರು ಬೆನಕಪ್ಪನವರು ಬ್ಯಾಂಕಿನ ಪಾಸ್‌ಬುಕ್ಕಿಗೆ ಫೋಟೋ ಬೇಕೆಂದು ಬಂದರು. ಎಪ್ಪತ್ತು ದಾಟಿದವರು, ಬಿಳಿ ಮೀಸೆ, ಉತ್ತ ಹೊಲದ ಹಾಗೆ ಗೆರೆ ತುಂಬಿದ ಮುಖ. ಮಾಲತೇಶ ಬಿಟ್ಟಾನೆಯೇ? ಕಿಟಕಿಯ ಬೆಳಕಿನಲ್ಲಿ ಕೂರಿಸಿ ಕಪ್ಪುಬಿಳುಪಿನಲ್ಲಿ ಇನ್ನೊಂದು ತೆಗೆದ. ದೊಡ್ಡದು ಮಾಡಿ ಪೆಟ್ಟಿಗೆಯಲ್ಲಿ ಹಾಕಲೇ ಎಂದು ಅಂಜುತ್ತಲೇ ಕೇಳಿದ. ದೃಷ್ಟಿ ತಾಗುವ ವಯಸ್ಸು ದಾಟಿದೆಯಪ್ಪ, ಹಾಕ್ಕೋ ಎಂದು ಅವರು ನಕ್ಕರು.

ಅಲ್ಲಿಂದ ಗಾಳಿ ಬದಲಾಯಿತು. ಆ ಕಡೆಯ ಬಸ್ಸಿನಿಂದ ಇಳಿದವರು ನಮ್ಮ ಅಜ್ಜ ಇಲ್ಲೇನು ಮಾಡ್ತಾನೆ ಎಂದು ಪೆಟ್ಟಿಗೆಯ ಮುಂದೆ ನಿಲ್ಲತೊಡಗಿದರು. ನಿಂತವರಲ್ಲಿ ಒಬ್ಬಿಬ್ಬರು ಮೆಟ್ಟಿಲು ಹತ್ತಿದರು. ದಸರಾ ಹೊತ್ತಿಗೆ ಇನ್ನೂ ಎರಡು ಮನೆಯವರು ತಮ್ಮ ಫೋಟೋ ಹಾಕಲು ಒಪ್ಪಿದ್ದರು. ಮಾಲತೇಶ ಮೂರು ಹೊತ್ತೂ ಉಣ್ಣುತ್ತಿದ್ದ.

ಆಯುಧಪೂಜೆಯ ದಿನ ಅವನು ಕ್ಯಾಮೆರಾ, ಸ್ಟ್ಯಾಂಡು, ದೀಪಗಳಿಗೆ ಪೂಜೆ ಮಾಡಿ, ಪೆಟ್ಟಿಗೆಯ ಗಾಜಿಗೂ ಒಂದು ಕುಂಕುಮದ ಬೊಟ್ಟಿಟ್ಟು, ಬಾಗಿಲು ಹಾಕಿಕೊಂಡು ಜಡೆಗೆ ಹೋದ. ಸಂಜೆ ನಾನು ಅಂಗಡಿ ಮುಚ್ಚುವಾಗ ಒಂದು ಮಾರು ಸೇವಂತಿಗೆ ಉಳಿದಿತ್ತು. ಪೆಟ್ಟಿಗೆ ಬೋಳುಬೋಳಾಗಿ ಕಂಡಿತು. ಮೇಲಿನ ಎರಡು ಮೊಳೆಗೆ ಹೂ ಕಟ್ಟಿ, ಹಿಂತಿರುಗಿಯೂ ನೋಡದೆ ಮನೆಗೆ ಹೋದೆ. ಆಮೇಲೆ ತಿಳಿಯಿತು, ಹೂ ಜೋತುಬಿದ್ದು ನೆಟ್ಟಗೆ ಬೆನಕಪ್ಪನವರ ಫೋಟೋ ಸುತ್ತ ನಿಂತಿತ್ತು. ಬೊಟ್ಟು ಅವರ ಹಣೆಯ ಮೇಲೇ ಇತ್ತು. ಮುದುಕರ ದೊಡ್ಡ ಫೋಟೋ, ಅದಕ್ಕೆ ಹಾರ, ಗಾಜಿನ ಮೇಲೆ ಕುಂಕುಮ! ನಮ್ಮ ಕಡೆಯಲ್ಲಿ ಅದನ್ನು ಕಂಡವರು ಇನ್ನೇನೆಂದು ತಿಳಿಯುತ್ತಾರೆ?

ಮರುದಿನ ವಿಜಯದಶಮಿ. ಕೇಳೋಣವೆಂದರೆ ಅಕ್ಕಪಕ್ಕದ ಅಂಗಡಿಗಳೆಲ್ಲ ಬಂದ್. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಬೆಳಗಿನ ಬಸ್ಸುಗಳ ಜೊತೆ ಬೆನಕಪ್ಪನವರ ಸಾವಿನ ಸುದ್ದಿಯೂ ಹೊರಟಿತು.

ಆ ಬೆಳಿಗ್ಗೆಯೇ ಬೆನಕಪ್ಪನವರ ತಂಗಿ ರಾಜೇಶ್ವರಮ್ಮ, ಶಿಕಾರಿಪುರದಲ್ಲಿರುವ ಮಗಳ ಮನೆಗೆ ಹೋಳಿಗೆ ಕೊಡಲೆಂದು ಸೊರಬದಿಂದ ಬಂದಿಳಿದರು. ಅಣ್ಣ ತಂಗಿಗೆ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಮಗನ ಮದುವೆಗೆ ಅಣ್ಣ ತಾನೇ ಬಂದು ಕರೆಯದೆ, ಲಗ್ನಪತ್ರಿಕೆಯನ್ನು ಬೇರೆಯವರ ಕೈಯಲ್ಲಿ ಕಳಿಸಿದ್ದರು. ಒಡಹುಟ್ಟಿದವಳನ್ನು ಹೊರಗಿನವರ ಹಾಗೆ ಬರೀ ಕಾಗದ ಕಳಿಸಿ ಕರೆದರೆ ಆ ಹೊಸ್ತಿಲು ತುಳಿಯೆನೆಂದು ಆಕೆ ಹಟ ಹಿಡಿದಿದ್ದರು. ಅವರ ಹಟ ನನಗೆ ತಪ್ಪೆನಿಸುವುದಿಲ್ಲ. ಆಕೆ ಪೆಟ್ಟಿಗೆ ನೋಡಿದವರು ಮಗಳ ಮನೆಗೂ ಹೋಗದೆ, ಹೋಳಿಗೆಯ ಚೀಲದ ಸಮೇತ ಬಂದ ದಾರಿಯಲ್ಲೇ ತಿರುಗಿ, ಶಿರಾಳಕೊಪ್ಪದಲ್ಲಿ ಇಳಿದು, ದಾರಿಯುದ್ದಕ್ಕೂ ಅಳುತ್ತಾ ಬಳ್ಳಿಗಾವಿ ಮುಟ್ಟಿದರು.

ಬೆನಕಪ್ಪನವರು ಜಗಲಿಯ ಮೇಲೆ ಕೂತು ಗಡ್ಡ ಹೆರೆಸಿಕೊಳ್ಳುತ್ತಿದ್ದರು. ಎದೆ ಬಡಿದುಕೊಂಡು ಬರುತ್ತಿದ್ದ ತಂಗಿಯನ್ನು ಕಂಡು, ಅರ್ಧ ಮುಖದ ಸೋಪಿನಲ್ಲೇ ಎದ್ದು ನಿಂತರು.

"ಯಾರು ಹೋದ್ರು ರಾಜವ್ವ?"

"ನೀನೇ" ಎಂದು ಆಕೆ ಅಲ್ಲೇ ಅಂಗಳದಲ್ಲಿ ಕುಸಿದು ಕೂತರಂತೆ.

ಸಂಜೆಯೊಳಗೆ ಇನ್ನೂ ಹತ್ತು ಜನ ಅಳುತ್ತಾ ಬಂದರು. ಹಬ್ಬದ ದಿನ ಮನೆ ಮುಂದೆ ಸೂತಕದ ಅಳು ಎಂದು ಅವರ ಮಗ ಚಂದ್ರಶೇಖರ್ ಕೆಂಡವಾದ. ಮಾರನೆಯ ದಿನ, ಆಗಷ್ಟೇ ಜಡೆಯಿಂದ ಬಂದಿದ್ದ ಮಾಲತೇಶನನ್ನು ರಸ್ತೆಯಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದು, ಫೋಟೋ ಕಿತ್ತುಕೊಂಡು ಹೋದ. ಅದನ್ನು ನೋಡಿ ಉಳಿದೆರಡು ಮನೆಯವರೂ ಬಂದು ಪೆಟ್ಟಿಗೆಯಿಂದ ತಮ್ಮ ಫೋಟೋ ವಾಪಸ್ ತೆಗೆದುಕೊಂಡು ಹೋದರು. ಆ ಪೆಟ್ಟಿಗೆ ಸೇರಿದವರಿಗೆ ಆಯುಷ್ಯವಿಲ್ಲ ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ದೀಪಾವಳಿಗೆ ಮೂರು ವಾರವೂ ಉಳಿದಿರಲಿಲ್ಲ.

ನಾನು ಮಾಲತೇಶನ ಮುಂದೆ ನಿಂತು, ಹೂ ಕಟ್ಟಿದ್ದು ನಾನೇ ಎಂದೆ. ಹುಡುಗ ಬೈಯಲಿಲ್ಲ. "ಚಂದಕ್ಕೆ ಕಟ್ಟಿದ್ದಲ್ವೇನಕ್ಕಾ, ಬಿಡಿ" ಎಂದು ಖಾಲಿ ಪೆಟ್ಟಿಗೆ ಒರೆಸತೊಡಗಿದ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅವನನ್ನೂ ಎಳೆದುಕೊಂಡು ಬಳ್ಳಿಗಾವಿಗೆ ಹೋದೆ. ಕ್ಯಾಮೆರಾ ಚೀಲ ಅವನ ಹೆಗಲಿನಿಂದ ಇಳಿಯುವುದೇ ಇಲ್ಲ, ಅದೂ ಬಂತು. ಚಂದ್ರಶೇಖರ್ ನಮ್ಮನ್ನು ನೋಡಿ ಮುಖ ತಿರುಗಿಸಿದ. ಜಗಲಿಯಲ್ಲಿ ಬೆನಕಪ್ಪನವರು, ಪಕ್ಕದ ಕಂಬಕ್ಕೆ ಒರಗಿ, ಇನ್ನೂ ಊರಿಗೆ ಮರಳದ ರಾಜೇಶ್ವರಮ್ಮ. ನಾನು ಕೂರಲೂ ಇಲ್ಲ. ಹುಡುಗ ಊರಲ್ಲೇ ಇರಲಿಲ್ಲ, ತಪ್ಪು ನನ್ನದು, ಏನು ಅನ್ನುವುದಿದ್ದರೂ ನನಗೆ ಅನ್ನಿ, ಅವನ ಅನ್ನಕ್ಕೆ ಕಲ್ಲು ಹಾಕಬೇಡಿ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಬೆನಕಪ್ಪನವರು ತಂಗಿಯತ್ತ ಒಮ್ಮೆ ನೋಡಿದರು.

"ಹನ್ನೊಂದು ಮಂದಿ ಅತ್ಕೋತ ಬಂದ್ರು ಕಣಮ್ಮ. ಇಕಿನೂ ಬಂದ್ಲು. ಖರೇನೇ ಹೋಗಿದ್ರೆ ಇದೆಲ್ಲ ನಂಗೆ ನೋಡಾಕ ಸಿಗ್ತಿತ್ತೇನು?"

ಮಗ ಏನೋ ಹೇಳಹೊರಟ. ಅವರು ಕೈಯೆತ್ತಿ ತಡೆದು ಮಾಲತೇಶನತ್ತ ತಿರುಗಿ, ನಮ್ಮಿಬ್ಬರದೂ ಒಂದು ಫೋಟೋ ತೆಗೆದು ಅದೇ ಪೆಟ್ಟಿಗೆಯಲ್ಲಿ ಹಾಕು, ಸತ್ತೆ ಅಂದವರೆಲ್ಲ ನೋಡಲಿ ಎಂದರು. ಮಾಲತೇಶನ ಕೈ ಚೀಲಕ್ಕೆ ಹೋಯಿತು. ರಾಜೇಶ್ವರಮ್ಮ ಮಾತ್ರ ಕಂಬ ಬಿಟ್ಟು ಏಳಲಿಲ್ಲ.

"ಸಾವಿಗೆ ಯಾರೂ ಕರೀಬೇಕಂತಿಲ್ಲ, ಅದ್ಕೇ ಬಂದೆ. ಫೋಟೋಕ್ಕೆ ಕರೆದ್ರೆ ಬತ್ತೀನಿ" ಎಂದರು.

ಬೆನಕಪ್ಪನವರು ಮಂಡಿ ಹಿಡಿದು ಎದ್ದು ಒಳಗೆ ಹೋದರು. ಬರುವಾಗ ಸೊಸೆಯ ಕೈಯಲ್ಲಿ ಕುಂಕುಮದ ಬಟ್ಟಲಿತ್ತು, ಅವರ ಹೆಗಲ ಮೇಲೆ ಒಗೆದ ಶಲ್ಯ. ಮದುವೆಗೆ ಕರೆಯುವ ಹಾಗೆ ಸೊಸೆ ರಾಜೇಶ್ವರಮ್ಮನ ಹಣೆಗೆ ಕುಂಕುಮ ಹಚ್ಚಿದಳು. ಆ ಎಪ್ಪತ್ತು ದಾಟಿದ ಮುದುಕರು ತಂಗಿಯ ಮುಂದೆ ಎರಡೂ ಕೈ ಜೋಡಿಸಿ, "ತಪ್ಪಾತವ್ವ. ಮನಿಗೆ ಬಾ" ಎಂದರು. ಆಕೆ ಸೆರಗು ಬಾಯಿಗೊತ್ತಿಕೊಂಡರು. ಮಾಲತೇಶ ಯಾರಿಗೂ ನೆಟ್ಟಗೆ ನಿಲ್ಲಿ, ನಗಿ ಎನ್ನಲಿಲ್ಲ. ಕ್ಯಾಮೆರಾ ಕ್ಲಿಕ್ ಎಂದದ್ದು ಆಗಲೇ. ನಾನು ಬಿಕ್ಕಿಬಿಕ್ಕಿ ಅತ್ತೆ, ಅದರಲ್ಲಿ ನಾಚಿಕೆಯೇನು?

ನಾಲ್ಕು ದಿನದಲ್ಲಿ ಆ ಫೋಟೋ ಪೆಟ್ಟಿಗೆಗೆ ಬಂತು. ಕೈಮುಗಿದ ಅಣ್ಣ, ಬಾಯಿಗೆ ಸೆರಗೊತ್ತಿದ ತಂಗಿ. ಸಾವಿನ ಸುದ್ದಿ ಹೊತ್ತೊಯ್ದ ಬಸ್ಸುಗಳೇ ಇದರ ಸುದ್ದಿಯನ್ನೂ ಹೊತ್ತವು. ಸತ್ತವರನ್ನು ನೋಡಲು ಬಂದವರು ಬದುಕಿದವರನ್ನು ನೋಡಿ ಮೆಟ್ಟಿಲು ಹತ್ತಿದರು. ಅಕ್ಕತಂಗಿಯರನ್ನು ಕರೆದುಕೊಂಡು ಬಂದವರು ಎಷ್ಟೋ ಜನ. ಮುಖ ಕೊಡಲು ಹೆದರುತ್ತಿದ್ದವರೇ ನಮ್ಮದನ್ನು ಯಾವಾಗ ಹಾಕುತ್ತೀರಿ ಎಂದು ನನ್ನನ್ನು ಕೇಳತೊಡಗಿದರು, ನಾನೇ ಸ್ಟುಡಿಯೋದ ಮ್ಯಾನೇಜರ್ ಎಂಬಂತೆ. ಹೂ ಮಾತ್ರ ನಾನು ಆ ಗೋಡೆಯ ಹತ್ತಿರವೂ ಒಯ್ಯಲಿಲ್ಲ.

ದೀಪಾವಳಿಯ ಹಿಂದಿನ ದಿನ ಚೌಡಪ್ಪ ತಮ್ಮನನ್ನು ಕರೆದೊಯ್ಯಲು ಬಂದ. ಹೆಗಲ ಮೇಲೆ ಸಾಮಾನು ತುಂಬಲು ಖಾಲಿ ಗೋಣಿಚೀಲ. ಪೆಟ್ಟಿಗೆಯ ಮುಂದೆ ನಿಂತ, ಒಂದೊಂದೇ ಮುಖ ನೋಡಿದ. ಮೆಟ್ಟಿಲ ಮೇಲೆ ತಲೆ ಬಾಚಿಕೊಂಡು ಸರದಿಗೆ ಕೂತಿದ್ದವರು ದಾರಿ ಬಿಡಲಿಲ್ಲ. ಅವನು ಒಂದು ಗಂಟೆ ಕಾದು ಮೇಲೆ ಹೋದ. ಏನಾಗುತ್ತದೋ ಎಂದು ನಾನೂ ಹಿಂದೆಯೇ ಹತ್ತಿದೆ. ಅಣ್ಣನನ್ನು ಕಂಡು ಮಾಲತೇಶ ಎದ್ದು ನಿಂತ.

ಚೌಡಪ್ಪ ಗೋಣಿಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಕೊಯ್ಲಿಗೆ ನೀ ಬರದು ಬ್ಯಾಡ. ನಾ ಆಳು ಹುಡುಕ್ಕಂತೀನಿ."