ಹಿಕ್ಮತಣ್ಣನ ಕೋರ್ಸುಗಳು

ಸಿಡ್ನಿಯ ರಾಕ್‌ಡೇಲ್‌ನಲ್ಲಿ ನಾವೊಂದಿಷ್ಟು ನೇಪಾಳಿಗಳು ಬಾಡಿಗೆಗಿರುವ ಮನೆಗೆ ಹಿಕ್ಮತಣ್ಣನೇ ಹಿರಿಯ. "ಏನು ಓದ್ಲಿ ಅಂತ ಮನಸ್ಸನ್ನ ಕೇಳ್ಬೇಡ್ರೋ, ಪಿ.ಆರ್. ಯಾವುದಕ್ಕೆ ಸಿಗುತ್ತೆ ಅಂತ ಸರ್ಕಾರಾನ ಕೇಳಿ" ಎಂಬುದು ಹೊಸದಾಗಿ ಬಂದಿಳಿದವರಿಗೆಲ್ಲ ಆತನ ಉಪದೇಶ. ಇಲ್ಲೇ ಕಾಯಂ ಉಳಿಯುವ ಆ ಅನುಮತಿಗಾಗಿ ಆತ ಮೊದಲು ಅಕೌಂಟಿಂಗ್ ಓದಿದ. ಓದು ಮುಗಿಯುವ ಹೊತ್ತಿಗೆ ದೇಶದ ತುಂಬ ಲೆಕ್ಕಿಗರೇ ಆಗಿದ್ದರು. ಆಮೇಲೆ ಅಡುಗೆ ಕಲಿಯಲು ಸೇರಿದ. ಬಾಣಸಿಗರ ಸರದಿ ಬರುವುದರೊಳಗೆ ನಿಯಮ ಬದಲಾಯಿತು. ನಾವು ಮಾತ್ರ ದಾಲ್ ಭಾತ್ ಬಿಟ್ಟು ಆತನ ಫ್ರೆಂಚ್ ಸೂಪು ಕುಡಿದು ಸೊರಗಿದೆವು. ಈಗ ನರ್ಸಿಂಗ್. ಮನೆಯಲ್ಲಿ ಯಾರು ಸೀನಿದರೂ ಓಡಿ ಬಂದು ನಾಡಿ ಹಿಡಿಯುತ್ತಾನೆ, ತನ್ನ ಬೆರಳು ಕೊಯ್ದುಕೊಂಡರೆ ಕಣ್ಣು ಮುಚ್ಚಿ ನಮ್ಮನ್ನು ಕೂಗುತ್ತಾನೆ. ತರಬೇತಿಗೆಂದು ವೃದ್ಧಾಶ್ರಮಕ್ಕೆ ಹೋದ ಮೊದಲ ದಿನವೇ ರಕ್ತ ಕಂಡು ಮೂರ್ಛೆ ಬಿದ್ದಾಗ, ಹಾಸಿಗೆಯಲ್ಲಿದ್ದ ಫ್ರಾಂಕ್ ತಾತನೇ ಗಂಟೆ ಒತ್ತಿ ನರ್ಸನ್ನು ಕರೆಸಿದನಂತೆ. ಕಳೆದ ವಾರ, ಇನ್ನು ಮುಂದೆ ಬಡಗಿಗಳಿಗೇ ಪಿ.ಆರ್. ಬೇಗ ಸಿಗುತ್ತದೆ ಎಂಬ ಸುದ್ದಿ ಬಂತು. "ಅಣ್ಣಾ, ಸೂಜಿ ಬಿಸಾಕು, ಉಳಿ ಹಿಡಿ!" ಎಂದು ನಮ್ಮ ಮನೆಯಲ್ಲೇ ಇರುವ ಶರ್ಮಿಳಾ ಕಿಚಾಯಿಸಿದಳು. ಆತ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಲೇ ಇದ್ದ. "ಹೋಗೇ ಸುಮ್ನೆ," ಎಂದ, "ಬೆಳಿಗ್ಗೆ ಫ್ರಾಂಕ್ ತಾತನಿಗೆ ಗಡ್ಡ ಹೆರೀಬೇಕು. ಕೆನ್ನೆ ಮುಟ್ಟೋಕೆ ಆತ ಬೇರೆ ಯಾರನ್ನೂ ಬಿಡಲ್ಲ."