ಹೋಗುವಾಗ ಹಗುರ, ಬರುವಾಗ ಭಾರ

ಗಡಿ ತಪಾಸಣಾ ಕಟ್ಟಡದ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಅಲ್ಲಿ ಕೂರುವವಳನ್ನು ಸಹೋದ್ಯೋಗಿಗಳು ‘ಮಾರ್ಕ್ಸ್ ಮೇಡಂ’ ಎನ್ನುತ್ತಾರೆ. ಗಡಿ ದಾಟುವ ಪ್ರತಿಯೊಬ್ಬರಿಗೂ ಅವಳ ಕಂಪ್ಯೂಟರ್ ಅಂಕ ಹಾಕುತ್ತದೆ. ಎಷ್ಟು ಸಲ ದಾಟಿದರು, ಎಷ್ಟು ಹೊತ್ತು ಆಚೆಗಿದ್ದರು, ಚೀಲದ ತೂಕ ಬದಲಾಯಿತೇ ಎಂದೆಲ್ಲ ನೋಡುತ್ತದೆ. ಅಂಕ ಕಡಿಮೆಯಿದ್ದರೆ ಹಸಿರು ದೀಪ, ನೇರ ಮನೆಗೆ. ಜಾಸ್ತಿಯಾದರೆ ಕೆಂಪು, ಚೀಲ ಬಿಚ್ಚಬೇಕು. ದಾಕ್ಷಿಣ್ಯ ನಡುವೆ ನುಸುಳಬಾರದೆಂದು ಅವಳ ಪರದೆಯಲ್ಲಿ ಹೆಸರು, ಮುಖ ಕಾಣದಂತೆ ಮಾಡಿದ್ದಾಳೆ. ಕಾಣುವುದು ಬರೀ ಸಂಖ್ಯೆ.

ಮೊದಲು ಎಲ್ಲರ ಚೀಲವನ್ನೂ ಬಿಚ್ಚುತ್ತಿದ್ದರು. ಸಾಲು ಬಸ್ ನಿಲ್ದಾಣದವರೆಗೆ ಬೆಳೆಯುತ್ತಿತ್ತು. ಅದನ್ನು ತಪ್ಪಿಸಲು ತಂದ ಅವಳ ಅಂಕದ ಪದ್ಧತಿ ಇನ್ನೂ ಪ್ರಯೋಗದಲ್ಲಿತ್ತು.

ಒಂದು ಸಂಖ್ಯೆಯ ಅಂಕ ಮಾತ್ರ ವಾರವಾರವೂ ಏರುತ್ತಿತ್ತು. ಊಟದ ಹೊತ್ತಿಗೆ ಅವಳು ಅಮ್ಮನ ಮುಂದೆ ಜಂಬ ಕೊಚ್ಚಿದಳು.

“ಭಾರೀ ಕುಳ ಒಂದಿದೆ ಅಮ್ಮ. ಆಚೆ ಹೋಗತ್ತೆ, ಸ್ವಲ್ಪ ಹೊತ್ತಲ್ಲೇ ವಾಪಸ್. ಚೀಲ ಹೋಗುವಾಗ ಹಗುರ, ಬರುವಾಗ ಭಾರ.”

“ಬಿಡಬೇಡ ಕಣೇ!” ಅಮ್ಮ ಅನ್ನ ಬಡಿಸುತ್ತಾ ಹೇಳಿದರು. “ಅಂಥೋರಿಗೆ ನಾಚಿಕೆ ಅನ್ನೋದೇ ಇರಲ್ಲ.”

ಪದ್ಧತಿಯ ಹಣೆಬರಹ ತೀರ್ಮಾನವಾಗುವ ದಿನ ಮೇಲಧಿಕಾರಿ ಬಂದರು. “ಯಾರಾದ್ರೂ ಒಬ್ಬರಿಗೆ ವಿನಾಯಿತಿ ಕೊಟ್ಟಿದ್ದು ಕಂಡ್ರೂ ಮುಗೀತು. ನಾಳೆಯಿಂದ ಎಲ್ಲರ ಚೀಲ ಬಿಚ್ಚೋದೇ,” ಎಂದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಅದೇ ಸಂಖ್ಯೆ! ಮಾರ್ಕ್ಸ್ ಮೇಡಂ ಮೆಟ್ಟಿಲು ಹಾರುತ್ತಾ ಇಳಿದಳು. ಮೇಲಧಿಕಾರಿ ಏದುಸಿರು ಬಿಡುತ್ತಾ ಹಿಂದೆ ಬಂದರು.

ಮೇಜಿನ ಮುಂದೆ, ಒದ್ದೆ ತಲೆಯಲ್ಲಿ, ಚೀಲ ಎದೆಗವಚಿಕೊಂಡು ನಿಂತಿದ್ದವರು ಅವಳ ಅಮ್ಮ.

“ಅಮ್ಮಾ! ಚಿಕ್ಕಮ್ಮನ ಮನೆಗೆ ಹೋಗ್ತೀನಿ ಅಂದಿದ್ದೆಯಲ್ಲ?”

“ಇಲ್ಲಿಂದ ನೇರ ಅಲ್ಲಿಗೇ ಹೋಗ್ತೀನಿ. ನೀನು ಮಹಡಿ ಬಿಟ್ಟು ಇಳಿಯಲ್ಲ ಅಂದ್ಕೊಂಡಿದ್ದೆ. ನಮ್ಮಮ್ಮ ಅಂತ ಇವರಿಗೆ ಹೇಳೇ, ಚೀಲ ಮುಟ್ಟೋದು ಬೇಡ.”

“ತಾಯಿಯವರಾ?” ಮೇಲಧಿಕಾರಿ ಮೆಲ್ಲಗೆ ಕೇಳಿದರು. “ಏನು ಮೇಡಂ, ಬಿಟ್ಟುಬಿಡೋಣವಾ?”

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಅಮ್ಮನನ್ನು ಬಿಟ್ಟರೆ ಇಷ್ಟು ದಿನದ ಕೆಲಸ ನೀರುಪಾಲು. ಬಿಡದಿದ್ದರೆ ಅಮ್ಮನ ಮಾನ ಮೇಜಿನ ಮೇಲೆ.

“ಅಮ್ಮ, ಚೀಲ ಇಲ್ಲಿ ಇಡಿ,” ಎಂದಳು.

“‘ಇಡಿ’ ಅಂತೆ! ಹುಟ್ಟಿದಾಗಿನಿಂದ ಇಲ್ಲದ ಮರ್ಯಾದೆ!”

ಚೀಲ ಬಿಚ್ಚುವಾತ ಕೈಗವಸು ತೊಟ್ಟು, ಬಾಂಬ್ ಹಿಡಿದಷ್ಟು ಜೋಪಾನವಾಗಿ ಒಂದೊಂದೇ ಹೊರಗೆ ತೆಗೆದ. ತೊಯ್ದ ಟವೆಲ್ಲು ಬಂತು. ಈಜು ಕನ್ನಡಕ ಬಂತು. ಕೊನೆಗೆ, ಹಳದಿ ಚುಕ್ಕೆಗಳ ಕಡು ನೀಲಿ ಈಜುಡುಗೆ. ಅದರಿಂದ ಸುರಿದ ನೀರು ಮೇಜು ದಾಟಿ ಮೇಲಧಿಕಾರಿಯ ಬೂಟಿಗಿಳಿಯಿತು.



“ಆಚೆ ಹೆಂಗಸರ ಈಜುಕೊಳ ಇದೆ,” ಅಮ್ಮ ಗಲ್ಲ ಮೇಲೆತ್ತಿದರು. “ಇಲ್ಲಿ ಕಲಿತರೆ ಊರೋರು ನೋಡ್ತಾರೆ ಅಂತ ಅಲ್ಲಿಗೆ ಹೋದೆ. ಈಗ ನೋಡು, ಎರಡು ದೇಶದೋರೂ ನೋಡಿದ್ರು!”

“ಈಜು ಬಂತಾ ಅಕ್ಕಾ?” ಚೀಲ ಬಿಚ್ಚುವಾತ ಕೇಳಿದ.

“ತೇಲ್ತೀನಪ್ಪ. ಕಾಲು ಮಾತ್ರ ಹೇಳಿದ್ದು ಕೇಳಲ್ಲ.”

ಸಾಲಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿಡೀ ಹರಡಿ, ಮೇಲಧಿಕಾರಿಯನ್ನೂ ಮುಟ್ಟಿತು. ಮಾರ್ಕ್ಸ್ ಮೇಡಂ ಮೇಜು ಹಿಡಿದುಕೊಂಡೇ ನಕ್ಕು ನೆಲಕ್ಕೆ ಕುಸಿದಳು.

“ಕಂಪ್ಯೂಟರ್ ಹೇಳಿದ್ದು ಸರಿಯೇ ಇತ್ತಲ್ಲ,” ಎಂದರು ಮೇಲಧಿಕಾರಿ, ಬೂಟು ಒರೆಸಿಕೊಳ್ಳುತ್ತಾ. “ಬಚ್ಚಿಟ್ಟಿದ್ದಂತೂ ನಿಜ. ಏನು ಅಂತ ನೋಡೋದು ನಮ್ಮ ಕೆಲಸ. ನಿಮ್ಮ ಪದ್ಧತಿ ಮುಂದುವರಿಯಲಿ.”

ತಪಾಸಣೆಯಲ್ಲಿ ಏನೂ ಸಿಗದಿದ್ದರೆ ಅಂಕ ಇಳಿಸಬೇಕೆಂಬುದು ನಿಯಮ. ಅವಳು ಇಳಿಸಿದಳು. ಮುಂದಿನ ವಾರ ಅಮ್ಮನಿಗೆ ಹಸಿರು ದೀಪ ಹತ್ತಿತು. ಅಂದು ಮನೆಯಲ್ಲಿ ಅಮ್ಮ ಮುಖ ಊದಿಸಿಕೊಂಡಿದ್ದರು.

“ಯಾರೂ ಹಿಡೀಲೇ ಇಲ್ಲ ಕಣೇ. ಕಾಲು ಬಡಿಯೋದು ಬಂತು ಅಂತ ಆ ಚೀಲ ಬಿಚ್ಚೋ ತಮ್ಮನಿಗೆ ಹೇಳೋಣ ಅಂತಿದ್ದೆ.”

“ನಿನ್ನ ಮೇಲೆ ಅನುಮಾನ ಕಮ್ಮಿಯಾಗಿದೆ ಅಮ್ಮ.”

“ಇಷ್ಟು ಬೇಗನಾ?” ಎಂದರು ಅಮ್ಮ, ನಿಜವಾಗಿಯೂ ನೊಂದು.